ಕಣ್ಣು ಮುಚ್ಚಿ ನಿಂತವರ ಸ್ಥಿರತೆಯನ್ನು ಅಳೆಯುವುದು ಹೇಗೆ?

ಮಳೆಗಾಲದ ಒಂದು ಬೆಳಗ್ಗೆ ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ದೊಡ್ಡಮ್ಮ ಪಕ್ಕದ ಗೋಡೆಗೆ ವಾಲಿದರು. ಅದೇ ವಾರ ಇನ್ನೊಮ್ಮೆ ಹಾಗೆಯೇ ಆಯಿತು. ಆ ಸಲ ಬಿಸಿ ಹಂಡೆಯ ಅಂಚು ಮೊಣಕೈಗೆ ತಾಗಿ ಬೊಕ್ಕೆ ಎದ್ದಿತು. ತಲೆ ತಿರುಗಿತೇ ಎಂದು ಕೇಳಿದರೆ ಅವರು ಹೇಳಿದ್ದು ಇಷ್ಟು: "ತಲೆ ಸರಿಯೇ ಉಂಟು ಮಾರಾಯ. ಕಣ್ಣು ಮುಚ್ಚಿದ ಕೂಡಲೇ ಕಾಲಡಿಯಲ್ಲಿ ನೆಲ ಉಂಟೋ ಇಲ್ಲವೋ ಗೊತ್ತಾಗುವುದಿಲ್ಲ." ಅವರಿಗೆ 73 ವರ್ಷ; ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲು ಆರಂಭಿಸಿ 14 ವರ್ಷವಾಗಿದೆ.

ಆ ತಿಂಗಳಲ್ಲೇ ಊರಿನ ಶಾಲೆಯೊಂದರಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಅವರನ್ನು ಒಂದು ಹಲಗೆಯ ಮೇಲೆ ಕಣ್ಣು ಮುಚ್ಚಿ 30 ಸೆಕೆಂಡು ನಿಲ್ಲಿಸಿ, ದೇಹದ ಓಲಾಟದ ವೇಗ ಸೆಕೆಂಡಿಗೆ 21 ಮಿಲಿಮೀಟರ್ ಎಂದು ಬರೆದ ಚೀಟಿ ಕೊಟ್ಟರು. ಮೂರು ವಾರ ಕಳೆದು ಮಂಗಳೂರಿನ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ಇಂಥದೇ ಹಲಗೆಯ ಮೇಲೆ ನಿಂತಾಗ ಬಂದ ಸಂಖ್ಯೆ 15. ನಡುವೆ ಅವರು ಮಾಡಿದ್ದು ದಿನಾ ಅಂಗಳದಲ್ಲಿ ಹತ್ತು ನಿಮಿಷದ ನಡಿಗೆ ಮಾತ್ರ. ಮನೆಯವರೆಲ್ಲ ಗುಣವಾಯಿತೆಂದು ಹಿಗ್ಗಿದರು. ನನಗೆ ಮಾತ್ರ ಆ ಎರಡು ಚೀಟಿಗಳು ಒಂದೇ ವಿಷಯವನ್ನು ಹೇಳುತ್ತಿವೆಯೇ ಎಂಬ ಅನುಮಾನ ಹುಟ್ಟಿತು, ಮತ್ತು ಓದುತ್ತಾ ಹೋದಂತೆ ಆ ಅನುಮಾನ ಬಲವಾಯಿತು.

ಇದು ಒಬ್ಬ ದೊಡ್ಡಮ್ಮನ ಪ್ರಶ್ನೆಯಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ಕಾಸರಗೋಡು ಸೇರಿರುವ ಕೇರಳದ ಜನಸಂಖ್ಯೆಯಲ್ಲಿ ಅರುವತ್ತು ದಾಟಿದವರು ಶೇಕಡಾ 12.6, ದೇಶದಲ್ಲೇ ಅತಿ ಹೆಚ್ಚು. ಮಧುಮೇಹದ ಪ್ರಮಾಣವೂ ಇಲ್ಲಿ ದೊಡ್ಡದು. ಬಿದ್ದು ಸಾಯುವವರ ಸಂಖ್ಯೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಪಾಚಿ ಹಿಡಿದ ಮುರಕಲ್ಲಿನ ಅಂಗಳ, ತೋಟದ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ, ಕರೆಂಟು ಹೋದ ರಾತ್ರಿ ಕತ್ತಲಲ್ಲಿ ಬಚ್ಚಲಿಗೆ ಹೋಗುವ ಮೆಟ್ಟಿಲು ಇವೆಲ್ಲ ಇರುವ ಕಾಸರಗೋಡಿನ ಹಳ್ಳಿಗಳಲ್ಲಿ, ಬೀಳುವ ಮೊದಲೇ ಬೀಳಬಹುದಾದವರನ್ನು ಗುರುತಿಸುವ ಪರೀಕ್ಷೆಗೆ ಬೆಲೆಯುಂಟು. ಆದರೆ ಆ ಬೆಲೆ ಬರುವುದು ಅಳತೆ ನಂಬುವಂತಿದ್ದರೆ ಮಾತ್ರ.

ಸುಮ್ಮನೆ ನಿಲ್ಲುವುದು ಎನ್ನುತ್ತೇವೆ. ದೇಹಕ್ಕೆ ಸುಮ್ಮನೆ ನಿಲ್ಲುವುದೆಂಬುದೇ ಇಲ್ಲ. ನೆಲದಿಂದ ಎತ್ತರದ ಅರ್ಧಕ್ಕಿಂತ ತುಸು ಮೇಲಿರುವ ಭಾರದ ಕೇಂದ್ರವು ಹರಡಿನ, ಅಂದರೆ ಪಾದದ ಗಂಟಿನ, ಕೀಲಿಗಿಂತ ಸ್ವಲ್ಪ ಮುಂದಕ್ಕೆ ಬೀಳುವುದರಿಂದ ಮೈ ಸದಾ ಮುಂದಕ್ಕೆ ವಾಲಲು ನೋಡುತ್ತಿರುತ್ತದೆ, ಮೀನಖಂಡದ ಸ್ನಾಯುಗಳು ಅದನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತವೆ. ಈ ಎಳೆದಾಟಕ್ಕೆ ಬೇಕಾದ ಸುದ್ದಿ ಮೂರು ಕಡೆಯಿಂದ ಬರುತ್ತದೆ: ಕಣ್ಣು, ಒಳಗಿವಿಯ ಸಮತೋಲನ ಅಂಗ, ಅಂಗಾಲು ಮತ್ತು ಹರಡಿನ ಚರ್ಮ, ಸ್ನಾಯು, ಕೀಲುಗಳು. ಬೆಳಕಿರುವ ಕೋಣೆಯಲ್ಲಿ ಗಟ್ಟಿ ನೆಲದ ಮೇಲೆ ನಿಂತ ಆರೋಗ್ಯವಂತರು ಕಾಲಿನ ಸುದ್ದಿಯನ್ನು ಸುಮಾರು 70 ಪಾಲು, ಒಳಗಿವಿಯದನ್ನು 20 ಪಾಲು, ಕಣ್ಣಿನದನ್ನು 10 ಪಾಲು ನೆಚ್ಚುತ್ತಾರೆ ಎಂಬುದು ಈ ಕ್ಷೇತ್ರದವರು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಈ ಪಾಲುಗಳು ಸ್ಥಿರವಲ್ಲ. ಮಧುಮೇಹದಿಂದ ಕಾಲಿನ ನರಗಳು ಮಂಕಾದವರು ತಮಗೆ ಅರಿವಿಲ್ಲದೆಯೇ ಆ ಹೊರೆಯನ್ನು ಕಣ್ಣಿಗೆ ವರ್ಗಾಯಿಸಿರುತ್ತಾರೆ. ಹಗಲು ಅಂಗಳದಲ್ಲಿ ಚೆನ್ನಾಗಿಯೇ ಓಡಾಡುತ್ತಾರೆ. ಸೋಪಿನ ನೊರೆಗೆ ಕಣ್ಣು ಮುಚ್ಚಿದಾಗ ಈ ವ್ಯವಸ್ಥೆ ಬಯಲಾಗುತ್ತದೆ.

ಇದನ್ನು ಪರೀಕ್ಷೆಯಾಗಿ ಬಳಕೆಗೆ ತಂದವರಲ್ಲಿ ಬರ್ಲಿನ್ನಿನ ವೈದ್ಯ ಮೊರಿಟ್ಸ್ ಹೈನ್ರಿಶ್ ರಾಂಬರ್ಗ್ ಅವರ ಹೆಸರು ಉಳಿದಿದೆ. ಸಿಫಿಲಿಸ್ ರೋಗ ಬೆನ್ನುಹುರಿಯ ಹಿಂಭಾಗವನ್ನು ಹಾಳುಮಾಡಿದ ರೋಗಿಗಳು ಕಣ್ಣು ಮುಚ್ಚಿದೊಡನೆ ತೂರಾಡಿ ಬೀಳುವುದನ್ನು ಅವರು 1840ರ ದಶಕದಲ್ಲಿ ವಿವರಿಸಿದರು; ಇಂಗ್ಲೆಂಡಿನ ಮಾರ್ಷಲ್ ಹಾಲ್ ಅದಕ್ಕೂ ಮೊದಲೇ ಇದನ್ನು ಗಮನಿಸಿದ್ದರು. ಈ ಪರೀಕ್ಷೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇಂದಿಗೂ ಉಂಟು: ಅದು ಕಿರುಮೆದುಳಿನ ಪರೀಕ್ಷೆ ಎಂದು. ಕಿರುಮೆದುಳು ಕೆಟ್ಟವರು ಕಣ್ಣು ತೆರೆದಿದ್ದರೂ ಓಲಾಡುತ್ತಾರೆ. ತೆರೆದಾಗ ನಿಂತು, ಮುಚ್ಚಿದಾಗ ತಪ್ಪುವವರಲ್ಲಿ ದೋಷ ಇರುವುದು ಹೆಚ್ಚಾಗಿ ಕಾಲಿನಿಂದ ಮೇಲಕ್ಕೆ ಹೋಗುವ ಸುದ್ದಿಯ ದಾರಿಯಲ್ಲಿ, ಕೆಲವೊಮ್ಮೆ ಒಳಗಿವಿಯಲ್ಲಿ.

ರಾಂಬರ್ಗರ ಪರೀಕ್ಷೆಗೆ ಉತ್ತರ ಹೌದು ಅಥವಾ ಇಲ್ಲ. ನಮ್ಮ ಕಾಲಕ್ಕೆ ಸಂಖ್ಯೆ ಬೇಕು. ಫೋರ್ಸ್ ಪ್ಲೇಟ್ ಎಂಬ ಹಲಗೆಯ ಮೂಲೆಗಳಲ್ಲಿ ಭಾರ ಅಳೆಯುವ ಸಂವೇದಕಗಳಿರುತ್ತವೆ; ಅವುಗಳ ಮೇಲೆ ಬೀಳುವ ಭಾರದ ಹಂಚಿಕೆಯಿಂದ ಪಾದದಡಿಯ ಒತ್ತಡದ ಕೇಂದ್ರ ಆ ಕ್ಷಣ ಎಲ್ಲಿದೆ ಎಂಬುದನ್ನು ಸೆಕೆಂಡಿಗೆ 50 ಅಥವಾ 100 ಸಲ ಲೆಕ್ಕ ಹಾಕಲಾಗುತ್ತದೆ. ಆ ಬಿಂದು ಕಾಗದದ ಮೇಲೆ ಎಳೆದ ದಾರಿಯ ಉದ್ದವನ್ನು ಕಾಲದಿಂದ ಭಾಗಿಸಿದರೆ ಸಿಗುವುದೇ ದೊಡ್ಡಮ್ಮನ ಚೀಟಿಯಲ್ಲಿದ್ದ ವೇಗ. ಇಲ್ಲೇ ಮೊದಲ ತೊಡಕು ಉಂಟು. ನಡುಕದಂಥ ಸಣ್ಣ ಗದ್ದಲವೂ ದಾರಿಯ ಉದ್ದಕ್ಕೆ ಸೇರುವುದರಿಂದ, ಸೆಕೆಂಡಿಗೆ ಎಷ್ಟು ಸಲ ಅಳೆದರು, ಆಮೇಲೆ ಗದ್ದಲವನ್ನು ಎಷ್ಟು ಸೋಸಿದರು ಎಂಬುದಕ್ಕೆ ತಕ್ಕಂತೆ ಅದೇ ಮನುಷ್ಯನ ಅದೇ ನಿಲುವಿಗೆ ಬೇರೆ ಬೇರೆ ವೇಗ ಬರುತ್ತದೆ. ಎರಡು ಕಂಪನಿಗಳ ಹಲಗೆಗಳ ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದೆಂದರೆ ಒಂದು ಅಂಗಡಿಯ ಸೇರನ್ನೂ ಇನ್ನೊಂದು ಅಂಗಡಿಯ ಸೇರನ್ನೂ ಒಂದೇ ಎಂದುಕೊಂಡ ಹಾಗೆ.

ಹಲಗೆಯ ದೋಷಕ್ಕಿಂತ ನಿಲ್ಲಿಸುವ ಕ್ರಮದ ದೋಷ ದೊಡ್ಡದು. ಶಿಬಿರದ ದಿನವನ್ನು ನೆನಪಿಸಿಕೊಂಡರೆ ನನಗೆ ನಾಲ್ಕೈದು ಸಂಗತಿ ಕಾಣುತ್ತವೆ. ಹಲಗೆಯನ್ನು ಇಟ್ಟಿದ್ದು ಶಾಲೆಯ ಜಗಲಿಯಲ್ಲಿ. ನಮ್ಮ ಕಡೆ ಜಗಲಿಯನ್ನು ಕಟ್ಟುವಾಗಲೇ ಮಳೆನೀರು ಹೊರಗೆ ಹೋಗಲೆಂದು ಅಂಗಳದ ಕಡೆಗೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಹಲಗೆಯ ಒಂದು ಕಾಲಿಗೆ ಮಡಚಿದ ರಟ್ಟಿನ ಚೂರು ಕೊಟ್ಟದ್ದನ್ನು ನಾನೇ ನೋಡಿದ್ದೆ. ಕಾಲು ಎಷ್ಟು ಅಗಲಿಸಿ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ. ಹಿಮ್ಮಡಿಗಳ ನಡುವೆ ಒಂದು ಗೇಣು ಅಂತರ ಬಿಟ್ಟವರೂ ಪಾದ ಜೋಡಿಸಿ ನಿಂತವರೂ ಒಂದೇ ಪಟ್ಟಿಗೆ ಸೇರಿದರು. ಪಾದ ಜೋಡಿಸಿದಷ್ಟೂ ಓಲಾಟ, ಅದರಲ್ಲೂ ಅಡ್ಡದಿಕ್ಕಿನ ಓಲಾಟ ಹೆಚ್ಚುತ್ತದೆ ಎಂಬುದು ಗೊತ್ತಿರುವ ವಿಷಯ. ಪಕ್ಕದಲ್ಲಿ ಮೈಕ್ ಕಿರುಚುತ್ತಿತ್ತು. ಕಣ್ಣು ಮುಚ್ಚಿದವರಿಗೆ ಒಂದೇ ಕಡೆಯಿಂದ ಬರುವ ಸದ್ದು ದಿಕ್ಕಿನ ಗುರುತಾಗಬಲ್ಲದು, ಗದ್ದಲವಾದರೆ ಗಮನವನ್ನೂ ಕೆಡಿಸಬಲ್ಲದು. ಕೆಲವರು ಕಣ್ಣಿನ ಎಡೆಯಿಂದ ಇಣುಕುತ್ತಿದ್ದರು. ಕಪ್ಪು ಪಟ್ಟಿ ಕಟ್ಟಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಇನ್ನು ಮಾತು. ಶಿಬಿರದಲ್ಲಿದ್ದ ಹುಡುಗ ತೆಂಕಣ ಜಿಲ್ಲೆಯವನು, ಬಹಳ ಮರ್ಯಾದೆಯವನು. ಅವನು ಹೇಳಿದ್ದು "ಅಮ್ಮೇ, ಕಣ್ಣಡಚ್ಚ್ ಅನಂಙಾದೆ ನಿಲ್ಕಣಂ" ಎಂದು, ಅಂದರೆ ಕಣ್ಣು ಮುಚ್ಚಿ ಅಲ್ಲಾಡದೆ ನಿಲ್ಲಬೇಕು ಎಂದು. ದೊಡ್ಡಮ್ಮನಿಗೆ ಅಷ್ಟು ಮಲಯಾಳ ಚೆನ್ನಾಗಿಯೇ ಬರುತ್ತದೆ. ಅವರು ಮುಷ್ಟಿ ಬಿಗಿದು, ಉಸಿರು ಹಿಡಿದು, ಪೊಲೀಸರ ಎದುರು ನಿಂತವರಂತೆ ನಿಂತರು. ಮಂಗಳೂರಿನ ಹುಡುಗಿ ಹೇಳಿದ್ದು ಬೇರೆ: "ಅಮ್ಮಾ, ಕಣ್ಣು ಮುಚ್ಚಿ ಆರಾಮಲ್ಲಿ ನಿಂತುಕೊಳ್ಳಿ." ಅಲ್ಲಿ ಹೆಗಲು ಇಳಿದವು, ಉಸಿರು ಸಾಗಿತು. ಆದಷ್ಟು ಅಲ್ಲಾಡದೆ ನಿಲ್ಲಿ ಎಂಬುದಕ್ಕೂ ಸಹಜವಾಗಿ ನಿಲ್ಲಿ ಎಂಬುದಕ್ಕೂ ದೇಹ ಬೇರೆ ಬೇರೆ ಉತ್ತರ ಕೊಡುತ್ತದೆಂದು ಪ್ರಯೋಗಗಳು ತೋರಿಸಿವೆ. ಆದ್ದರಿಂದ ಸೂಚನೆಯ ಪದಗಳನ್ನು ಬರೆದಿಟ್ಟು ಓದಿ ಹೇಳಬೇಕೆಂಬುದು ಪ್ರಯೋಗಾಲಯಗಳ ಶಿಸ್ತು. ಸಪ್ತಭಾಷಾ ಸಂಗಮಭೂಮಿ ಎಂದು ಹೆಮ್ಮೆಯಿಂದ ಕರೆದುಕೊಳ್ಳುವ ಜಿಲ್ಲೆಯಲ್ಲಿ ಈ ಶಿಸ್ತು ದುಪ್ಪಟ್ಟು ಬೇಕು. ಮಂಜೇಶ್ವರದಲ್ಲಿ ತುಳುವಿನಲ್ಲಿ "ಉಂತುಲೆ" ಎಂದಷ್ಟೇ ಹೇಳಿ ನಿಲ್ಲಿಸಿದ ಅಜ್ಜಿಯ ಸಂಖ್ಯೆಯನ್ನೂ ನೀಲೇಶ್ವರದಲ್ಲಿ ಅಲ್ಲಾಡಬಾರದೆಂದು ಎಚ್ಚರಿಸಿ ನಿಲ್ಲಿಸಿದ ಅಜ್ಜಿಯ ಸಂಖ್ಯೆಯನ್ನೂ ಒಟ್ಟು ಹಾಕಿ ಜಿಲ್ಲೆಯ ಸರಾಸರಿ ತೆಗೆದರೆ, ಅದರಲ್ಲಿ ಕಾಲಿನ ಬಲವೆಷ್ಟು, ಭಾಷೆಯ ಪಾಲೆಷ್ಟು ಎಂದು ಯಾರೂ ಬಿಡಿಸಲಾರರು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಟಿ, ಉರ್ದು, ಬ್ಯಾರಿಗಳಲ್ಲಿ ಒಂದೇ ಅರ್ಥದ ಒಂದೊಂದು ವಾಕ್ಯ ಮೊದಲೇ ಬರೆದಿಡುವುದಕ್ಕೆ ಒಂದು ಸಂಜೆಯ ಕೆಲಸ ಸಾಕು. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಮಾತು ಬಂದಾಗ ನಾವು ಶಾಲೆ ಮತ್ತು ಕಚೇರಿಯ ಬಗ್ಗೆ ಮಾತಾಡುತ್ತೇವೆ, ಇಂಥಲ್ಲಿ ಅಳತೆಯೇ ಭಾಷೆಯ ಮೇಲೆ ನಿಂತಿರುವುದು ನಮ್ಮ ಗಮನಕ್ಕೆ ಬಂದಿಲ್ಲ.

ಮಂಗಳೂರಿನ 15ರಲ್ಲಿ ನನ್ನದೊಂದು ಪಾಲು ಉಂಟು. ಬೀಳಬಾರದೆಂದು ನಾನು ಅವರ ಮೊಣಕೈಗೆ ಎರಡು ಬೆರಳು ತಾಗಿಸಿ ನಿಂತಿದ್ದೆ. ಹಿಡಿದಿರಲಿಲ್ಲ, ತಾಗಿಸಿದ್ದೆ ಅಷ್ಟೇ. ಆಮೇಲೆ ಓದಿ ನಾಚಿಕೆಯಾಯಿತು. ಕಣ್ಣು ಮುಚ್ಚಿ ನಿಂತವರು ಬೆರಳ ತುದಿಯನ್ನು ಒಂದು ಕಂಬಿಗೆ 100 ಗ್ರಾಮಿಗೂ ಕಡಿಮೆ ಬಲದಲ್ಲಿ ಮುಟ್ಟಿಸಿದರೂ, ಆ ಬಲ ಮೈಯನ್ನು ಎತ್ತಿಹಿಡಿಯಲು ಏನೇನೂ ಸಾಲದಿದ್ದರೂ, ಓಲಾಟ ಗಣನೀಯವಾಗಿ ತಗ್ಗುತ್ತದೆಂದು ಜೆಕಾ ಮತ್ತು ಲ್ಯಾಕ್ನರ್ 1994ರಲ್ಲಿ ತೋರಿಸಿದ್ದರು. ಹೊರಗಿನ ಒಂದು ಸ್ಥಿರ ವಸ್ತು ಮೈಗೆ ತಾಗಿದ್ದರೂ ಇಂಥದೇ ಪರಿಣಾಮ ಆಗುತ್ತದೆ. ಬೆರಳು ಆಧಾರ ಕೊಡುವುದಿಲ್ಲ, ಸುದ್ದಿ ಕೊಡುತ್ತದೆ. ಕಣ್ಣು ಕೊಡಬೇಕಾದ ಸುದ್ದಿಯನ್ನು ನನ್ನ ಬೆರಳು ಕೊಟ್ಟಿತ್ತು. ಕಾಯುವವರು ಒಂದು ಕೈಯಳತೆಯ ದೂರದಲ್ಲಿ, ಎರಡು ಕೈಯನ್ನೂ ಚಾಚಿ, ತಾಗದೆ ನಿಲ್ಲಬೇಕು. ಹಿಂದೆ ಗೋಡೆಯ ಮೂಲೆ ಇದ್ದರೆ ಇನ್ನೂ ಒಳ್ಳೆಯದು.

ಹೀಗಿರುವಾಗ 21 ಮತ್ತು 15ರ ನಡುವಿನ 6 ಮಿಲಿಮೀಟರ್ ಏನು? ಇದಕ್ಕೆ ಒಂದು ಲೆಕ್ಕವಿದೆ. ಸಂಖ್ಯೆಗಳು ನಾನು ಉದಾಹರಣೆಗೆ ಇಟ್ಟುಕೊಂಡವು. ಒಂದೇ ವಯಸ್ಸಿನ ಹತ್ತಾರು ಜನರನ್ನು ಅಳೆದಾಗ ಸಂಖ್ಯೆಗಳ ಹರಡಿಕೆ, ಅಂದರೆ ಮಾನಕ ವಿಚಲನೆ, 6 ಎಂದಿಟ್ಟುಕೊಳ್ಳೋಣ. ಅದರ ವರ್ಗ 36. ಇದರಲ್ಲಿ ಮನುಷ್ಯ ಮನುಷ್ಯರ ನಡುವಿನ ನಿಜವಾದ ವ್ಯತ್ಯಾಸ 27, ಅದೇ ಮನುಷ್ಯ ಒಂದು ಸಲ ಒಂದು ಥರ, ಇನ್ನೊಂದು ಸಲ ಇನ್ನೊಂದು ಥರ ನಿಲ್ಲುವುದರ ಪಾಲು 9 ಎನ್ನಿ. ಆಗ ವಿಶ್ವಾಸಾರ್ಹತೆಯ ಗುಣಾಂಕ 36ರಲ್ಲಿ 27, ಎಂದರೆ 0.75, ಸಾಮಾನ್ಯವಾಗಿ ಸಾಕಷ್ಟು ಒಳ್ಳೆಯದೆಂದು ಕರೆಯುವ ಮಟ್ಟ ಇದು. ಒಂದು ಅಳತೆಯ ತಪ್ಪು 9ರ ವರ್ಗಮೂಲ, 3. ಎರಡು ಅಳತೆಗಳ ವ್ಯತ್ಯಾಸ ಬರಿಯ ಏರುಪೇರಲ್ಲ ಎಂದು ಶೇಕಡಾ 95ರ ಭರವಸೆಯಲ್ಲಿ ಹೇಳಬೇಕಾದರೆ ಅದು ಈ ತಪ್ಪಿನ ಸುಮಾರು 2.77 ಪಟ್ಟು, ಅಂದರೆ 8.3 ಮಿಲಿಮೀಟರ್ ದಾಟಬೇಕು. ನಮ್ಮ 6 ಅದರೊಳಗೇ ಮುಳುಗಿಹೋಗುತ್ತದೆ. ಪ್ರತಿ ಸಲವೂ ಮೂರು ಬಾರಿ ನಿಲ್ಲಿಸಿ ಸರಾಸರಿ ತೆಗೆದಿದ್ದರೆ 9 ಇದ್ದದ್ದು 3 ಆಗಿ, ತಪ್ಪು 1.73ಕ್ಕೆ ಇಳಿದು, ದಾಟಬೇಕಾದ ಗೆರೆ 4.8 ಆಗುತ್ತಿತ್ತು, ಆಗ ಅದೇ 6 ಮಾತಾಡುತ್ತಿತ್ತು. ಹಲಗೆ ಬದಲಿಸದೆ, ಒಂದು ರೂಪಾಯಿ ಹೆಚ್ಚು ಖರ್ಚಿಲ್ಲದೆ, ಬರೇ ಎರಡು ಸಲ ಹೆಚ್ಚು ನಿಲ್ಲಿಸಿದ್ದಕ್ಕೆ ಸಿಗುವ ಲಾಭ ಇದು. ಆದರೆ ಒಂದೇ ದಿನದ ಮೂರು ಬಾರಿ ಆ ದಿನದೊಳಗಿನ ಏರುಪೇರನ್ನು ಮಾತ್ರ ತಗ್ಗಿಸುತ್ತದೆ; ನಿದ್ದೆಗೆಟ್ಟ ದಿನ, ಹಸಿದ ದಿನ, ಬಿಪಿ ಮಾತ್ರೆ ಬದಲಾದ ದಿನಗಳ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ.

ಈ ಗುಣಾಂಕವನ್ನು ಓದುವಾಗಲೂ ಎಚ್ಚರ ಬೇಕು. ಇಪ್ಪತ್ತರ ಕಾಲೇಜು ಹುಡುಗರನ್ನೂ ಎಂಬತ್ತರ ಅಜ್ಜಂದಿರನ್ನೂ ಬೆರೆಸಿ ಅಳೆದರೆ ಜನರ ನಡುವಿನ ವ್ಯತ್ಯಾಸ ದೊಡ್ಡದಾಗಿ ಗುಣಾಂಕ ತಾನೇ ಏರುತ್ತದೆ, ಅಳತೆ ಕಿಂಚಿತ್ತೂ ಸುಧಾರಿಸಿರುವುದಿಲ್ಲ. ಮಾರಾಟದ ಕೈಪಿಡಿಯಲ್ಲಿ 0.9 ಎಂದು ಬರೆದದ್ದು ಕಂಡರೆ ಯಾರನ್ನು ಅಳೆದು ಬಂದದ್ದು ಎಂದು ಕೇಳಬೇಕು.

ಎರಡು ಕಾಲಲ್ಲಿ ನಿಂತವರ ಒತ್ತಡದ ಕೇಂದ್ರದ ಅಳತೆಗಳ ಬಗ್ಗೆ ಅದುವರೆಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಪರಿಶೀಲನೆ 2010ರಲ್ಲಿ ಪ್ರಕಟವಾಯಿತು. ಹೆಚ್ಚಿನ ಅಳತೆಗಳು ಒಪ್ಪುವ ಮಟ್ಟಕ್ಕೆ ಬರಬೇಕಾದರೆ ಗಟ್ಟಿ ನೆಲದ ಮೇಲೆ ಕನಿಷ್ಠ 90 ಸೆಕೆಂಡು ನಿಲ್ಲಿಸಿ, ಮೂರರಿಂದ ಐದು ಸಲದ ಸರಾಸರಿ ತೆಗೆಯಬೇಕು ಎಂಬುದು ಅದರ ಸಾರ. ಜೊತೆಗೆ ನಾನು ನಿರೀಕ್ಷಿಸದ ಇನ್ನೊಂದು ಮಾತೂ ಇತ್ತು: ಕಣ್ಣು ತೆರೆದಾಗಿನದಕ್ಕಿಂತ ಕಣ್ಣು ಮುಚ್ಚಿದಾಗಿನ ಅಳತೆಗಳ ವಿಶ್ವಾಸಾರ್ಹತೆ ತುಸು ಹೆಚ್ಚೇ ಇರಬಹುದು. ಯೋಚಿಸಿದರೆ ಇದು ಅಷ್ಟು ವಿಚಿತ್ರವಲ್ಲ. ಕಣ್ಣು ತೆರೆದವರು ಏನನ್ನು ನೋಡುತ್ತಾರೆ, ಎಷ್ಟು ದೂರಕ್ಕೆ ನೋಡುತ್ತಾರೆ, ಎದುರಿಗೆ ಯಾರು ಹಾದುಹೋದರು ಎಂಬುದೆಲ್ಲ ಓಲಾಟಕ್ಕೆ ಸೇರುತ್ತದೆ; ಸುತ್ತಲಿನ ಗೋಡೆಗಳನ್ನು ಸದ್ದಿಲ್ಲದೆ ಸರಿಸಿದರೆ ನಿಂತವರೂ ಜೊತೆಗೆ ವಾಲುತ್ತಾರೆಂದು 1970ರ ದಶಕದ ಪ್ರಯೋಗಗಳೇ ತೋರಿಸಿವೆ. ಕಣ್ಣು ಮುಚ್ಚಿದರೆ ಈ ಒಂದು ಬಾಗಿಲಾದರೂ ಮುಚ್ಚುತ್ತದೆ. 90 ಸೆಕೆಂಡು ಎಲ್ಲರಿಂದಲೂ ಆಗದು, ದೊಡ್ಡಮ್ಮನಿಂದಲೂ ಆಗದು. ಆಗದವರಿಗೆ ಕಡಿಮೆ ಹೊತ್ತು, ಹೆಚ್ಚು ಸಲ, ನಡುವೆ ಕೂರಿಸಿ ದಣಿವಾರಿಸಿ ಅಳೆಯುವುದೇ ದಾರಿ.

ಕಣ್ಣು ಮುಚ್ಚಿದಾಗಿನ ಸಂಖ್ಯೆಯನ್ನು ತೆರೆದಾಗಿನದರಿಂದ ಭಾಗಿಸಿ ರಾಂಬರ್ಗ್ ಅನುಪಾತ ಎಂದು ಕೊಡುವ ರೂಢಿಯೂ ಉಂಟು. ಕಲ್ಪನೆ ಚೆನ್ನಾಗಿದೆ, ಕಣ್ಣಿನ ಪಾಲೆಷ್ಟೆಂದು ಅದು ಹೇಳಬೇಕು. ಆದರೆ ಎರಡು ಅಲುಗಾಡುವ ಸಂಖ್ಯೆಗಳ ಭಾಗಲಬ್ಧ ಆ ಎರಡಕ್ಕಿಂತಲೂ ಹೆಚ್ಚು ಅಲುಗಾಡುತ್ತದೆ. ನಾನಾದರೆ ಎರಡನ್ನೂ ಬೇರೆ ಬೇರೆಯಾಗಿಯೇ ಬರೆದಿಡಲು ಕೇಳುತ್ತೇನೆ. ಓಲಾಟ ಕಡಿಮೆಯಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ: ಹೆದರಿದವರು, ಪಾರ್ಕಿನ್ಸನ್ ರೋಗದಿಂದ ಮೈ ಬಿಗಿದವರು ಕಡಿಮೆ ಓಲಾಡಬಹುದು, ಆದರೂ ಒಂದು ಸಣ್ಣ ತಳ್ಳಿಗೆ ಬಿದ್ದುಬಿಡಬಹುದು.

ಹಲಗೆಯೇ ಇಲ್ಲದೆ ಮಾಡುವ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲುವುದು ಯುವಕರಿಗೆ ಸರಿ. ಅರುವತ್ತು ದಾಟಿದ ಆರೋಗ್ಯವಂತರೇ ಸರಾಸರಿ ಎರಡು ಮೂರು ಸೆಕೆಂಡಿನಲ್ಲಿ ಕಾಲು ಊರುವುದರಿಂದ ಅವರಲ್ಲಿ ಯಾರು ಹೆಚ್ಚು ಅಪಾಯದಲ್ಲಿದ್ದಾರೆಂದು ಅದು ಬೇರ್ಪಡಿಸಿ ಹೇಳದು. ಗಟ್ಟಿ ನೆಲ ಮತ್ತು ದಪ್ಪ ಫೋಮಿನ ಮೇಲೆ, ಕಣ್ಣು ತೆರೆದು ಮತ್ತು ಮುಚ್ಚಿ ನಿಲ್ಲಿಸುವ ಕ್ರಮವನ್ನು 1986ರಲ್ಲಿ ಶಮ್ವೇ-ಕುಕ್ ಮತ್ತು ಹೊರಾಕ್ ಮುಂದಿಟ್ಟ ಪರೀಕ್ಷೆಯಿಂದ ಸರಳಗೊಳಿಸಿದ್ದಾರೆ. ಫೋಮು ಕಾಲಿನ ಸುದ್ದಿಯನ್ನು ಮಂಕಾಗಿಸಿ, ಕಣ್ಣೂ ಮುಚ್ಚಿದಾಗ ಒಳಗಿವಿಯೊಂದರ ಮೇಲೆ ಹೊರೆ ಬೀಳುವಂತೆ ಮಾಡುತ್ತದೆ. ಹಾಸಿಗೆ ಅಂಗಡಿಯ ತುಂಡಿನಲ್ಲಿ ಮಾಡಿದರೆ ಹೋಲಿಸುವಂತಿಲ್ಲ, ಫೋಮಿನ ದಪ್ಪ ಮತ್ತು ಗಡಸುತನ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ಮಕ್ಕಳ ಆಟಕ್ಕೆಂದು 2007ರಲ್ಲಿ ಬಂದ ನಿಂಟೆಂಡೊ ವೀ ಬ್ಯಾಲೆನ್ಸ್ ಬೋರ್ಡ್ ಪ್ರಯೋಗಾಲಯದ ಹಲಗೆಗೆ ಸಾಕಷ್ಟು ಹತ್ತಿರ ಬರುತ್ತದೆಂದು 2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದು, ಉಪಕರಣದ ಬೆಲೆ ಇಲ್ಲಿ ಮುಖ್ಯ ಅಡ್ಡಿಯಲ್ಲ ಎಂಬುದಕ್ಕೆ ಸಾಕು. ಸೊಂಟಕ್ಕೆ ಕಟ್ಟಿದ ಮೊಬೈಲು ಕೂಡ ಓಲಾಟವನ್ನು ಹಿಡಿಯಬಲ್ಲದು, ಪ್ರತಿ ಸಲ ಅದೇ ಮೊಬೈಲು ಅದೇ ಜಾಗದಲ್ಲಿ ಬಿಗಿಯಾಗಿ ಇದ್ದರೆ.

ದೃಷ್ಟಿಯೇ ಇಲ್ಲದವರ ಸಂಗತಿ ಬೇರೆ. ಅವರಿಗೆ ಕಣ್ಣು ತೆರೆದ ಅಳತೆಗೆ ಅರ್ಥವಿಲ್ಲ, ಅನುಪಾತವೂ ಹುಟ್ಟುವುದಿಲ್ಲ. ಕಣ್ಣು ಮುಚ್ಚಿದ ದೃಷ್ಟಿವಂತರ ಸರಾಸರಿಗೆ ಅವರನ್ನು ಹೋಲಿಸುವುದೂ ಸರಿಯಲ್ಲ, ಏಕೆಂದರೆ ಒಬ್ಬರು ಆ ಕ್ಷಣಕ್ಕೆ ದೃಷ್ಟಿ ಕಳೆದುಕೊಂಡವರು, ಇನ್ನೊಬ್ಬರು ಜೀವಮಾನವಿಡೀ ಕಾಲು ಮತ್ತು ಕಿವಿಯಿಂದಲೇ ನಡೆದವರು. ಸ್ವಲ್ಪ ಬೆಳಕು ಕಾಣುವವರಿಗೂ ಏನೂ ಕಾಣದವರಿಗೂ ವ್ಯತ್ಯಾಸ ಉಂಟು. ಅದನ್ನು ಚೀಟಿಯಲ್ಲಿ ಬರೆಯದಿದ್ದರೆ ಮುಂದೆ ಹೋಲಿಕೆ ಆಗದು. ಅವರಿಗೆ ಗಟ್ಟಿ ನೆಲದ ಅಳತೆಯನ್ನು ಫೋಮಿನ ಅಳತೆಯೊಡನೆ, ಈ ತಿಂಗಳ ಅವರನ್ನು ಮುಂದಿನ ತಿಂಗಳ ಅವರೊಡನೆ ಹೋಲಿಸುವುದೇ ಉಚಿತ.

ದೊಡ್ಡಮ್ಮನ ವಿಷಯದಲ್ಲಿ ಕಾರಣ ತಿಳಿದದ್ದು ಹಲಗೆಯಿಂದಲ್ಲ. ವೈದ್ಯರು 128 ಹರ್ಟ್ಸಿನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ತಟ್ಟಿ ಕಾಲಿನ ಹೆಬ್ಬೆರಳ ಮೂಳೆಗೆ ಇಟ್ಟಾಗ ಅವರಿಗೆ ಕಂಪನ ತಿಳಿಯಲಿಲ್ಲ, ಹರಡಿನಲ್ಲಿ ಅಲ್ಪಸ್ವಲ್ಪ ತಿಳಿಯಿತು. ವರ್ಷಾನುಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ ಬಿ12 ಜೀವಸತ್ವ ಕುಸಿಯಬಹುದೆಂದು ರಕ್ತ ಪರೀಕ್ಷೆ ಬರೆದರು. ಕುಸಿದಿತ್ತು, ಇಂಜೆಕ್ಷನ್ ಆರಂಭವಾಯಿತು. ಓಲಾಟದ ಸಂಖ್ಯೆ ರೋಗದ ಹೆಸರು ಹೇಳುವುದಿಲ್ಲ. ಚಿಕಿತ್ಸೆ ಫಲ ಕೊಡುತ್ತಿದೆಯೇ ಎಂದು ತಿಂಗಳುಗಳ ಮೇಲೆ ನೋಡಲು ಅದು ಬೇಕು, ಅದಕ್ಕೆ ಮೊದಲು ಒಂದು ನಂಬುವ ಆರಂಭದ ಸಂಖ್ಯೆ ಬೇಕು.

ಹಾಗಾಗಿ ಇಂಜೆಕ್ಷನ್ ಆರಂಭವಾಗುವ ಮುನ್ನಾದಿನ ಮಂಗಳೂರಿನ ಅದೇ ಕೇಂದ್ರಕ್ಕೆ ಹೋಗಿ ಮೊದಲಿನಿಂದ ಅಳೆಸಿದೆವು. ಹಲಗೆಯ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿ ಅದರ ಮೇಲೆ ದೊಡ್ಡಮ್ಮನನ್ನು ಬರಿಗಾಲಲ್ಲಿ ಅವರಿಗೆ ಹಿತವಾದಂತೆ ನಿಲ್ಲಿಸಿ, ಎರಡೂ ಪಾದದ ಸುತ್ತ ಪೆನ್ನಿನಿಂದ ಗೆರೆ ಎಳೆದೆವು. ಕಪ್ಪು ಪಟ್ಟಿ ಕಟ್ಟಿದೆವು, ಫ್ಯಾನ್ ಆರಿಸಿದೆವು, ಅಭ್ಯಾಸಕ್ಕೆಂದು ಒಂದು ಸಲ ಲೆಕ್ಕವಿಲ್ಲದೆ ನಿಲ್ಲಿಸಿದೆವು. ಆಮೇಲೆ ನಾಲ್ಕು ಸಲ, ಪ್ರತಿ ಸಲ 30 ಸೆಕೆಂಡು, ನಡುವೆ ಕುರ್ಚಿ. ಈ ಸಲ ನನ್ನ ಕೈ ಅವರಿಗೆ ತಾಗಲಿಲ್ಲ. ಬಂದವು 19, 17, 18, 18. ಹಾಳೆಯ ಮೂಲೆಯಲ್ಲಿ ದಿನಾಂಕ, ಬೆಳಗ್ಗೆ 10 ಗಂಟೆ, ತಿಂಡಿಯಾಗಿ ಎರಡು ಗಂಟೆಯ ಮೇಲೆ, ಹೇಳಿದ ವಾಕ್ಯ "ಕಣ್ಣು ಮುಚ್ಚಿ ಆರಾಮಲ್ಲಿ ನಿಂತುಕೊಳ್ಳಿ" ಎಂದೆಲ್ಲ ಬರೆದೆ. ಗೆರೆ ನೋಡಿದರೆ ಎಡಪಾದ ಬಲಕ್ಕಿಂತ ಎರಡು ಬೆರಳಿನಷ್ಟು ಹೊರಗೆ ತಿರುಗಿತ್ತು, ಅದು ಇದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಾಳೆಯನ್ನು ಮಡಚಿ ಪಂಚಾಂಗದೊಳಗೆ ಇಟ್ಟಿದ್ದೇನೆ. ಮುಂದಿನ ಅಳತೆ ಮೂರು ತಿಂಗಳ ಮೇಲೆ, ಅದೇ ಗೆರೆಯೊಳಗೆ. ಅಲ್ಲಿಯವರೆಗೆ ಬಚ್ಚಲಿನಲ್ಲಿ ಒಂದು ಸ್ಟೂಲು ಹಾಕಿದ್ದೇವೆ, ಕೂತು ಮೀಯುವುದು ರೋಗಿಗಳ ಲಕ್ಷಣ ಎಂದು ದೊಡ್ಡಮ್ಮ ದಿನಾ ಗೊಣಗುತ್ತಲೇ ಅದರ ಮೇಲೆ ಕೂರುತ್ತಾರೆ.